ತಂತ್ರಾಂಶ ನಿರ್ಮಾಣಕ್ರಮದ ಹಂಚಿಕೆ: ಹುಕ್ಕೇರಿ–ಗೋಕಾಕದ ಕಚೇರಿಗಳಿಂದ ಕನ್ನಡ ಅಕ್ಷರಗಳವರೆಗೆ ಒಂದು ಚಾರಿತ್ರಿಕ ಅವಲೋಕನ

ಕನ್ನಡ ಗಣಕೀಕರಣದ ಚರಿತ್ರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಮೂರು ವಿಷಯಗಳಿಗೆ ಸೀಮಿತವಾಗಿದೆ. ಕೀಲಿಮಣೆಯ ವಿನ್ಯಾಸ, ಅಕ್ಷರಗಳ ರೂಪ ಹಾಗೂ ಸಂಕೇತೀಕರಣದ ಶಿಷ್ಟತೆ ಇವೇ ಆ ಮೂರು. ಇವುಗಳ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ತಂತ್ರಾಂಶವೊಂದನ್ನು ಕಟ್ಟಿದ ಕ್ರಮ ಯಾವುದು, ಅದು ಬಳಸುವವರ ಗಣಕದವರೆಗೆ ತಲುಪಿದ ಬಗೆ ಹೇಗೆ, ಆ ಕ್ರಮ ಯಾರ ಬಳಿ ಉಳಿಯಿತು ಎಂಬ ಪ್ರಶ್ನೆಗಳು ಚರಿತ್ರಕಾರರ ಗಮನಕ್ಕೆ ಬಂದಿರುವುದು ಅತಿ ವಿರಳ. ಕಾರ್ಯಕ್ರಮಕಾರನು ಬರೆದದ್ದೇ ಬಳಕೆದಾರನಿಗೆ ಸಿಗುವುದಿಲ್ಲ. ಬರೆದ ಮೂಲ ಸಂಕೇತವನ್ನು ಒಟ್ಟುಗೂಡಿಸಿ, ಯಂತ್ರಕ್ಕೆ ಒಗ್ಗುವ ರೂಪಕ್ಕೆ ತಂದು, ಪರೀಕ್ಷೆಗೆ ಒಡ್ಡಿ, ಪೊಟ್ಟಣ ಕಟ್ಟಿ, ಸರ್ವರುಗಳಿಗೆ ಸಾಗಿಸಿ ಸ್ಥಾಪಿಸಬೇಕು. ಈ ಕೆಲಸಗಳನ್ನು ಸಾಲಾಗಿ ತಾನೇ ನಡೆಸಿಕೊಂಡು ಹೋಗುವ ಸಂಕೇತಕ್ಕೆ ಇಂದು ‘ಪೈಪ್‌ಲೈನ್’ ಎಂಬ ಹೆಸರು ರೂಢಿಯಲ್ಲಿದೆ. ಒಂದು ಕಾಲಕ್ಕೆ ಪ್ರತಿಯೊಂದು ಯೋಜನೆಯೂ ತನ್ನ ಪೈಪ್‌ಲೈನನ್ನು ತಾನೇ ಬರೆದುಕೊಳ್ಳುತ್ತಿತ್ತು. ಕ್ರಮೇಣ ಒಮ್ಮೆ ಬರೆದ ಕ್ರಮವನ್ನು ಹಲವು ಯೋಜನೆಗಳು ಎರವಲು ಪಡೆದು ನಡೆಸುವ ಪದ್ಧತಿ ಬೆಳೆದುಬಂತು. ಈ ಬದಲಾವಣೆ ಕರ್ನಾಟಕದಲ್ಲಿ ಹಾಗೂ ಕನ್ನಡದ ಅಕ್ಷರ ತಂತ್ರಾಂಶಗಳಲ್ಲಿ ಹೇಗೆ ಒಡಮೂಡಿತೆಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಕನ್ನಡದ ತಂತ್ರಾಂಶವೊಂದರ ಆಯುಷ್ಯವನ್ನು ನಿರ್ಧರಿಸಿದ್ದು ಅದರ ಸೊಗಸಿಗಿಂತ ಹೆಚ್ಚಾಗಿ ಅದನ್ನು ಮತ್ತೆ ಕಟ್ಟುವ ಕ್ರಮ ಹಂಚಿಕೆಯಾಗಿತ್ತೇ ಎಂಬ ಸಂಗತಿ ಎಂಬುದು ಇಲ್ಲಿನ ಪ್ರತಿಪಾದನೆ.

ಶಾಸನಗಳ ಅಧ್ಯಯನದಲ್ಲಿ ತೊಡಗಿದವರಿಗೆ ಇಂತಹ ಎರವಲು ಹೊಸದೇನಲ್ಲ. ಸ್ತುತಿ, ವಂಶಾವಳಿ, ದಾನದ ವಿವರ, ಎಲ್ಲೆಗಳು, ಕೊನೆಗೆ ಶಾಪಾಶಯ ಎಂಬ ಚೌಕಟ್ಟು ಊರಿನಿಂದ ಊರಿಗೆ, ಅರಸರಿಂದ ಅರಸರಿಗೆ ಸಾಗಿ ಬಂದಿದೆ. ಸವದತ್ತಿಯ ರಟ್ಟರ ಶಾಸನವಿರಲಿ, ಗೋವೆಯ ಕದಂಬರದಿರಲಿ, ಬರೆಯುವಾತ ಹೊಸದಾಗಿ ತುಂಬಬೇಕಾದದ್ದು ದಾನಿ, ಭೂಮಿ, ತಿಥಿಗಳನ್ನು ಮಾತ್ರ. ಚೌಕಟ್ಟು ಎಲ್ಲರದು, ತುಂಬುವ ವಿವರ ಅವರವರದು. ತಂತ್ರಾಂಶದ ನಿರ್ಮಾಣಕ್ರಮವೂ ಇದೇ ಹಾದಿಯಲ್ಲಿ ನಡೆದಿದೆ.

ತಾಲ್ಲೂಕಿಗೊಂದು ಸರ್ವರ್

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ದಡ್ಡಿ ಘಟಪ್ರಭಾ ನದಿಯ ದಂಡೆಯ ಊರು. ಹಿಡಕಲ್ ಜಲಾಶಯ ಈ ಊರಿಗಿಂತ ಕೆಳಗಿದೆ. ಇಲ್ಲಿನ ರೈತನೊಬ್ಬನಿಗೆ ಸಾಲಕ್ಕೋ ವ್ಯಾಜ್ಯಕ್ಕೋ ಹೊಲದ ದಾಖಲೆ ಬೇಕಾದಾಗ ಆತ ಕೇಳುವುದು ‘ಉತಾರ’ವನ್ನು. ಹಳೆಯ ಮೈಸೂರು ಭಾಗದಲ್ಲಿ ‘ಪಹಣಿ’ ಎನ್ನುವುದಕ್ಕೆ ಮುಂಬಯಿ ಪ್ರಾಂತದ ಕಂದಾಯ ಪದ್ಧತಿ ಬಿಟ್ಟುಹೋದ ಹೆಸರು ಇದು. 1956ರ ಏಕೀಕರಣದಲ್ಲಿ ಒಂದಾದ ಪ್ರದೇಶಗಳ ಕಂದಾಯ ಪದ್ಧತಿಗಳು ಬೇರೆಬೇರೆಯಾಗಿದ್ದವು. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ ನಂತರ ಇಡೀ ರಾಜ್ಯಕ್ಕೆ ನಮೂನೆ 16 ಎಂಬ ಒಂದೇ ಬಗೆಯ ದಾಖಲೆ ನೆಲೆಗೊಂಡಿತು. ಹೆಸರು ಉತಾರವೇ ಆಗಿ ಉಳಿದರೂ ಕಾಗದದ ಅಂಕಣಗಳು ಒಂದಾದವು. ಮುಂದೆ ಒಂದೇ ತಂತ್ರಾಂಶ ಎಲ್ಲ ತಾಲ್ಲೂಕುಗಳಿಗೂ ಸಾಲುವಂತಾದುದರ ಹಿಂದೆ ಈ ಏಕರೂಪತೆಯಿದೆ. ಗಣಕೀಕರಣದ ಯಶಸ್ಸನ್ನು ಯಂತ್ರಕ್ಕೆ ಮಾತ್ರ ಸಲ್ಲಿಸುವ ವಾಡಿಕೆಯಲ್ಲಿ ಈ ಅಂಶ ಮರೆತುಹೋಗುವುದುಂಟು.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆಗೆ ತಂತ್ರಾಂಶವನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಎರಡು ಕೋಟಿಯಷ್ಟು ದಾಖಲೆಗಳನ್ನು ಆಗಿನ 177 ತಾಲ್ಲೂಕುಗಳಲ್ಲಿ ಗಣಕಕ್ಕೆ ಏರಿಸಲಾಯಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿ 2002ರಲ್ಲಿ ಮಾನ್ಯತೆ ಕಳೆದುಕೊಂಡಿತು. ಹದಿನೈದು ರೂಪಾಯಿ ಶುಲ್ಕಕ್ಕೆ ಮುದ್ರಿತ ಪ್ರತಿ ದೊರೆಯತೊಡಗಿತು. ಯೋಜನೆಯ ಈ ಮುಖವನ್ನು ಆಡಳಿತ ಶಾಸ್ತ್ರದ ಗ್ರಂಥಗಳು ವಿಸ್ತಾರವಾಗಿಯೇ ದಾಖಲಿಸಿವೆ.

ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಬೇರೆ. ಮೊದಲ ಘಟ್ಟದಲ್ಲಿ ದತ್ತಾಂಶ ಇದ್ದದ್ದು ತಾಲ್ಲೂಕಿನಲ್ಲಿಯೇ. ಹುಕ್ಕೇರಿಯ ಕಚೇರಿಗೆ ಹುಕ್ಕೇರಿಯ ಸರ್ವರ್, ಗೋಕಾಕಕ್ಕೆ ಗೋಕಾಕದ್ದು. ಬರೆದದ್ದು ಒಂದೇ ತಂತ್ರಾಂಶವಾದರೂ ಅದರ ಪ್ರತಿಗಳು ತಾಲ್ಲೂಕಿಗೊಂದರಂತೆ ಹರಡಿದ್ದವು. ನಿಯಮವೊಂದು ಬದಲಾದರೆ, ಅಂಕಣವೊಂದು ಹೆಚ್ಚಿದರೆ ತಿದ್ದಿದ ಆವೃತ್ತಿಯನ್ನು ಅಷ್ಟೂ ಕಡೆ ಸ್ಥಾಪಿಸಬೇಕಾಗುತ್ತಿತ್ತು. ಒಂದು ತಾಲ್ಲೂಕಿನಲ್ಲಿ ಹೊಸ ಆವೃತ್ತಿ, ಪಕ್ಕದ ತಾಲ್ಲೂಕಿನಲ್ಲಿ ಹಳೆಯದು ಎಂಬ ಸ್ಥಿತಿ ಇಂತಹ ವ್ಯವಸ್ಥೆಯ ಸಹಜ ದೋಷ. ತಾಲ್ಲೂಕಿನ ದತ್ತಾಂಶವನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದೊಂದಿಗೆ ಬೆಸೆದ ನಂತರವೇ ಈ ತೊಡಕು ಹಗುರಾದದ್ದು. ಗೋಕಾಕ ತಾಲ್ಲೂಕನ್ನು ಒಡೆದು ಮೂಡಲಗಿಯನ್ನು ಹೊಸ ತಾಲ್ಲೂಕಾಗಿ ಮಾಡಲಾಗುವುದೆಂದು 2017ರಲ್ಲಿ ಘೋಷಿಸಿದಾಗ ಕಟ್ಟಡ, ಸಿಬ್ಬಂದಿಗಳ ಪ್ರಶ್ನೆ ಎದ್ದಿತೇ ಹೊರತು ಹೊಸ ತಾಲ್ಲೂಕಿಗಾಗಿ ಹೊಸ ತಂತ್ರಾಂಶ ಬರೆಸುವ ಪ್ರಶ್ನೆ ಏಳಲಿಲ್ಲ.

ಭೂಮಿಯಲ್ಲಿ ಹಂಚಿಕೆಯಾದದ್ದು ಸಿದ್ಧ ತಂತ್ರಾಂಶ. ಅದನ್ನು ಕಟ್ಟುವ ಕ್ರಮ ಕಟ್ಟಿದ ಸಂಸ್ಥೆಯೊಳಗೇ ಉಳಿಯಿತು. ಸರ್ಕಾರಿ ದಾಖಲೆಯ ಭದ್ರತೆಯನ್ನು ನೆನೆದರೆ ಇದಕ್ಕೆ ಕಾರಣಗಳೂ ಇದ್ದವು. ಕೇಂದ್ರ ಸರ್ಕಾರವು ಸರ್ಕಾರಿ ತಂತ್ರಾಂಶಗಳ ಮೂಲ ಸಂಕೇತವನ್ನು ತೆರೆದು ಕೂಡಿ ಅಭಿವೃದ್ಧಿಪಡಿಸುವ ನೀತಿಯನ್ನು ರೂಪಿಸಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿಯೇ ಬೇರೊಂದು ಮಾದರಿ ಬೆಳೆಯುತ್ತಿತ್ತು. ಅದನ್ನು ಅರಿಯಲು ನಿರ್ಮಾಣಕ್ರಮವೆಂಬುದು ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ನೋಡುವುದು ಅವಶ್ಯ.

ಕ್ರಮವೇ ಬರಹವಾದದ್ದು

ಯಾವ ಕಡತ ಯಾವುದರಿಂದ ಹುಟ್ಟಬೇಕು, ಯಾವುದು ಬದಲಾದರೆ ಯಾವುದನ್ನು ಮತ್ತೆ ಕಟ್ಟಬೇಕು ಎಂಬುದನ್ನು ಬರೆದಿಡುವ ‘ಮೇಕ್’ ಎಂಬ ಸಾಧನವನ್ನು ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದನು. ಅಲ್ಲಿಯವರೆಗೆ ಕಟ್ಟುವವನ ನೆನಪಿನಲ್ಲಿದ್ದ ಕ್ರಮ ಮೊದಲ ಬಾರಿಗೆ ಓದಬಹುದಾದ ಪಠ್ಯವಾಯಿತು. ಮೇಕ್ ಕಡತದಲ್ಲಿ ಆಜ್ಞೆಯ ಸಾಲು ಟ್ಯಾಬ್ ಕೀಲಿಯಿಂದಲೇ ಆರಂಭವಾಗಬೇಕೆಂಬ ವಿಚಿತ್ರ ನಿಯಮವಿದೆ. ಅದು ತೊಡಕಿನದೆಂದು ರಚನಕಾರನಿಗೆ ಬೇಗನೆ ಮನವರಿಕೆಯಾಗಿತ್ತು. ಆದರೆ ಆ ವೇಳೆಗಾಗಲೇ ಹನ್ನೆರಡರಷ್ಟು ಜನ ಬಳಕೆದಾರರಿದ್ದುದರಿಂದ, ಅವರ ಕೆಲಸ ಕೆಡಬಾರದೆಂದು ಆತ ಅದನ್ನು ಹಾಗೆಯೇ ಬಿಟ್ಟನು. ಹನ್ನೆರಡು ಜನರ ಅನುಕೂಲಕ್ಕಾಗಿ ಉಳಿದ ಆ ಟ್ಯಾಬ್ ಅರ್ಧ ಶತಮಾನ ಕಳೆದರೂ ಮುಂದುವರಿದಿದೆ. ಹಂಚಿಕೊಂಡ ಕ್ರಮವನ್ನು ತಿದ್ದುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ದೊರೆಯಲಾರದು.

1991ರಲ್ಲಿ ಆಟೋಕಾನ್ಫ್, 1990ರ ದಶಕದ ನಡುಭಾಗದಲ್ಲಿ ಫ್ರೀಬಿಎಸ್‌ಡಿಯ ‘ಪೋರ್ಟ್ಸ್’ ಬಂದವು. ಎರಡನೆಯದರಲ್ಲಿ ಸಾವಿರಾರು ತಂತ್ರಾಂಶಗಳ ನಿರ್ಮಾಣಕ್ಕೆ ಒಂದೇ ಸಾಮಾನ್ಯ ಕಡತ ಆಧಾರವಾಯಿತು. ಹೊಸ ಶತಮಾನದಲ್ಲಿ, ಸಂಕೇತ ಬದಲಾದೊಡನೆ ತಾನೇ ಕಟ್ಟಿ ಪರೀಕ್ಷಿಸುವ ಸರ್ವರುಗಳು ಬಂದವು. ಕೊಹ್ಸುಕೆ ಕವಾಗುಚಿ ಸನ್ ಸಂಸ್ಥೆಯಲ್ಲಿ ಆರಂಭಿಸಿದ ‘ಹಡ್ಸನ್’ 2011ರಲ್ಲಿ ಕವಲೊಡೆದು ‘ಜೆಂಕಿನ್ಸ್’ ಆಯಿತು. ಇದರಲ್ಲಿ ಪೈಪ್‌ಲೈನನ್ನೇ ಸಂಕೇತವಾಗಿ ಬರೆಯುವ ಪದ್ಧತಿ 2016ರ ಎರಡನೆಯ ಆವೃತ್ತಿಯಿಂದ ಮುಂಚೂಣಿಗೆ ಬಂತು. ಅದರೊಂದಿಗೆ ಹಲವು ಯೋಜನೆಗಳು ಒಂದೇ ‘ಹಂಚಿಕೆಯ ಗ್ರಂಥಾಲಯ’ವನ್ನು ಕರೆದು ಬಳಸುವ ಸೌಲಭ್ಯವೂ ಬೆಳೆಯಿತು. ಗಿಟ್‌ಲ್ಯಾಬ್ ತನ್ನ ಮುಕ್ತ ಆವೃತ್ತಿಯಲ್ಲಿ ಪರಕಡತಗಳನ್ನು ಸೇರಿಸಿಕೊಳ್ಳುವ ಅವಕಾಶವನ್ನು 2018ರಲ್ಲಿಯೂ, ಗಿಟ್‌ಹಬ್ ಮರುಬಳಕೆಯ ಕಾರ್ಯಸರಣಿಗಳನ್ನು 2021ರಲ್ಲಿಯೂ ಎಲ್ಲರಿಗೆ ತೆರೆದವು.

ಬೆಂಗಳೂರಿನ ಡಿಜಿಟ್

ಇ-ಗವರ್ನಮೆಂಟ್ಸ್ ಫೌಂಡೇಶನ್ 2003ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾಧಮುನಿ ಇದರ ಸ್ಥಾಪಕರು. ಆಸ್ತಿ ತೆರಿಗೆ, ಲೆಕ್ಕಪತ್ರ, ಕುಂದುಕೊರತೆಗಳಂತಹ ನಗರಾಡಳಿತದ ಕೆಲಸಗಳಿಗೆ ತಂತ್ರಾಂಶ ಒದಗಿಸುವುದು ಅದರ ಉದ್ದೇಶ. ಅದರ ‘ಡಿಜಿಟ್’ ವೇದಿಕೆಯಲ್ಲಿ ಹಳೆಯ ಒಂದೇ ದೊಡ್ಡ ತಂತ್ರಾಂಶದ ಬದಲಿಗೆ ಹತ್ತಾರು ಚಿಕ್ಕ ಸೇವೆಗಳಿವೆ. ಬಳಕೆದಾರರ ಗುರುತಿಗೆ ಒಂದು, ಕಡತದ ಚಲನೆಗೆ ಇನ್ನೊಂದು, ಆಸ್ತಿ ತೆರಿಗೆಗೆ ಮತ್ತೊಂದು ಎಂಬಂತೆ. ಪ್ರತಿ ಸೇವೆಗೂ ಬೇರೆಬೇರೆ ನಿರ್ಮಾಣಕ್ರಮ ಬರೆದರೆ ಸೇವೆಗಳನ್ನು ಒಡೆದದ್ದರಿಂದ ಆದ ಲಾಭವೆಲ್ಲ ಕ್ರಮಗಳನ್ನು ಕಾಯುವುದರಲ್ಲಿಯೇ ಕರಗಿಹೋಗುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರವು ಗಮನಾರ್ಹವಾದುದು. ಯೋಜನೆಯ ಭಂಡಾರದಲ್ಲಿರುವ ಜೆಂಕಿನ್ಸ್ ಕಡತ ಕೆಲವೇ ಸಾಲಿನದು. ಸಾಮಾನ್ಯ ಗ್ರಂಥಾಲಯವನ್ನು ಕರೆದು, ಕಟ್ಟಬೇಕಾದ ಸೇವೆಗಳ ಪಟ್ಟಿ ಇರುವ ಕಡತವನ್ನು ಅದಕ್ಕೆ ತೋರಿಸುವುದಷ್ಟೇ ಅದರ ಕೆಲಸ. ಸೇವೆಯ ಹೆಸರು ಮತ್ತು ಅದು ಇರುವ ಜಾಗ ಮಾತ್ರ ಪಟ್ಟಿಯಲ್ಲಿ ಬದಲಾಗುತ್ತವೆ. ಕಟ್ಟುವ ಬಗೆ ಎಲ್ಲಕ್ಕೂ ಒಂದೇ. ನಿಯೋಜನೆಗೆ ಪ್ರತ್ಯೇಕ ಭಂಡಾರವಿದ್ದು, ಅದರಲ್ಲಿ ಸರ್ವರುಗಳನ್ನು ಎಬ್ಬಿಸುವ ಸಂಕೇತ, ಸೇವೆಗಳನ್ನು ಸ್ಥಾಪಿಸುವ ಸಂಕೇತ, ಸಂರಚನೆಯ ಸಂಕೇತ ಎಂಬ ವಿಭಾಗಗಳಿವೆ. ರಾಜ್ಯಕ್ಕೋ ಪರಿಸರಕ್ಕೋ ವಿಶಿಷ್ಟವಾದ ಮೌಲ್ಯಗಳು ಬೇರೊಂದು ಕಡತದಲ್ಲಿ, ಗುಪ್ತಪದಗಳು ಗೂಢಲಿಪೀಕರಿಸಿದ ಮತ್ತೊಂದರಲ್ಲಿ ಇರುತ್ತವೆ. ಶಾಸನದ ಚೌಕಟ್ಟನ್ನು ಕುರಿತು ಮೇಲೆ ಹೇಳಿದ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಭೂಮಿಯಲ್ಲಿ ಪ್ರತಿ ಮಾತ್ರ ಹಂಚಿಕೆಯಾದರೆ ಇಲ್ಲಿ ಪ್ರತಿ ಮಾಡುವ ವಿಧಾನವೇ ಹಂಚಿಕೆಯಾಯಿತು. ಪಂಜಾಬು ಮೊದಲಾದ ರಾಜ್ಯಗಳ ನಗರಸಭೆಗಳಲ್ಲಿ ಈ ವೇದಿಕೆ ನೆಲೆಗೊಂಡಿತು. 2021ರಲ್ಲಿ ರಾಷ್ಟ್ರೀಯ ನಗರ ಡಿಜಿಟಲ್ ಮಿಷನ್ ಘೋಷಣೆಯಾದ ನಂತರ ರಾಷ್ಟ್ರೀಯ ನಗರ ವ್ಯವಹಾರ ಸಂಸ್ಥೆ ಡಿಜಿಟನ್ನು ಆಧರಿಸಿ ‘ಉಪಯೋಗ್’ ಎಂಬ ವೇದಿಕೆಯನ್ನು ರೂಪಿಸಿತು.

ಹೀಗೆ ಕವಲೊಡೆದ ಮೇಲೆ ಹುಟ್ಟುವ ಪ್ರಶ್ನೆಯೊಂದಿದೆ. ಮೂಲದಲ್ಲಿ ಆದ ತಿದ್ದುಪಡಿ ಕವಲಿಗೆ ತಾನಾಗಿ ಹರಿಯುವುದಿಲ್ಲ, ಯಾರಾದರೂ ಅದನ್ನು ತಂದು ಸೇರಿಸಬೇಕು. ನಕಲು ಮಾಡಿಕೊಂಡವನಿಗೆ ಸ್ವಾತಂತ್ರ್ಯವಿದೆ, ದುರಸ್ತಿಯ ಹೊರೆಯೂ ಇದೆ. ಕರೆದು ಬಳಸುವವನಿಗೆ ಹೊರೆ ಕಡಿಮೆ, ಆದರೆ ಆತ ಇನ್ನೊಬ್ಬರ ಇಚ್ಛೆಗೆ ಅಧೀನ. ಹಂಚಿಕೆಯ ಇಡೀ ಚರಿತ್ರೆ ಈ ಎರಡರ ನಡುವಿನ ಎಳೆದಾಟವೆನ್ನಬಹುದು. ಕನ್ನಡ ಅಕ್ಷರಗಳ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿ ಕಂಡುಬರುತ್ತದೆ.

ಕೇದಗೆ, ಗುಬ್ಬಿ, ನವಿಲು

ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಹೊರಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ‘ನುಡಿ’ಯನ್ನು ಸಿದ್ಧಪಡಿಸಿತು. ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಕಚೇರಿ, ಮುದ್ರಣಾಲಯ, ಮನೆಗಳಲ್ಲಿ ಕನ್ನಡ ಬೆರಳಚ್ಚು ಸಾಧ್ಯವಾದದ್ದು ಇವುಗಳಿಂದಲೇ. ಆದರೆ ಬಳಕೆದಾರರ ಕೈಗೆ ಬಂದದ್ದು ಸಿದ್ಧ ತಂತ್ರಾಂಶವೇ ಹೊರತು ಅದನ್ನು ಕಟ್ಟುವ ಕ್ರಮವಲ್ಲ. ಕನ್ನಡವು 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿತ್ತು. ಹಾಗಿದ್ದೂ ಹಲವು ವರ್ಷಗಳ ಕಾಲ ಬರೆದ ಪಠ್ಯ ಆಯಾ ಫಾಂಟಿನ ಸ್ವಂತ ಸಂಕೇತೀಕರಣದಲ್ಲಿ ಉಳಿಯಿತು. ಯೂನಿಕೋಡ್ ರೂಢಿಯಾದಾಗ ಹಳೆಯ ಫಾಂಟುಗಳನ್ನು ಹೊಸ ಶಿಷ್ಟತೆಗೆ ಮತ್ತೆ ಕಟ್ಟುವುದು ಹೊರಗಿನವರಿಗೆ ಅಸಾಧ್ಯವಾಗಿತ್ತು. ಪಠ್ಯವನ್ನು ಪರಿವರ್ತಿಸುವ ಸಾಧನಗಳನ್ನು ಬರೆಯುವುದೊಂದೇ ದಾರಿಯಾಯಿತು. ಎಷ್ಟೋ ಪುಸ್ತಕಗಳ ಗಣಕ ಪ್ರತಿಗಳು ಇಂದಿಗೂ ಆ ಪರಿವರ್ತಕಗಳ ಮೂಲಕವೇ ಹಾದುಬರಬೇಕಾಗಿದೆ.

ಇದಕ್ಕೆ ಪ್ರತಿಯಾಗಿ, ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ‘ಕೇದಗೆ’ ಮತ್ತು ‘ಮಲ್ಲಿಗೆ’ ಫಾಂಟುಗಳು ಸಾರ್ವಜನಿಕ ಪರವಾನಗಿಯಡಿ ಬಿಡುಗಡೆಯಾದವು. ಅವು ಡೆಬಿಯನ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ಪೊಟ್ಟಣಗಳ ಸಾಲಿಗೆ ಸೇರಿದವು. ಮುಂದೆ ‘ಗುಬ್ಬಿ’, ಕೈಬರಹದ ಮಾದರಿಯ ‘ನವಿಲು’, ಹಾಗೂ ‘ಲೋಹಿತ್’ ಬಳಗದ ಕನ್ನಡ ಫಾಂಟು ಆ ಸ್ಥಾನಕ್ಕೆ ಬಂದವು. ಡೆಬಿಯನ್‌ನಲ್ಲಿ ಒಂದು ತಂತ್ರಾಂಶ ಸೇರಬೇಕಾದರೆ ಅದನ್ನು ಮೂಲದಿಂದ ಕಟ್ಟುವ ನಿಯಮಗಳ ಕಡತ ಕಡ್ಡಾಯ. ಹಿಂದೆ ಪೊಟ್ಟಣದ ನಿರ್ವಾಹಕನು ಈ ಕಡತವನ್ನು ಉದ್ದುದ್ದಕ್ಕೆ ಬರೆಯಬೇಕಿತ್ತು. ಜೋಯಿ ಹೆಸ್ 1997ರಲ್ಲಿ ಆರಂಭಿಸಿದ ‘ಡೆಬ್‌ಹೆಲ್ಪರ್’ ಸಾಮಾನ್ಯ ಹೆಜ್ಜೆಗಳನ್ನೆಲ್ಲ ತನ್ನಲ್ಲಿ ಒಳಗೊಂಡಿತು. 2008ರ ಸುಧಾರಣೆಯ ನಂತರ ಸರಳ ಪೊಟ್ಟಣವೊಂದರ ನಿಯಮ ಕಡತ ಮೂರು ಸಾಲಿಗೆ ಇಳಿಯಿತು. ಬಿಡುವಿನ ವೇಳೆಯಲ್ಲಿ ದುಡಿಯುವ ಒಬ್ಬಿಬ್ಬರು ಸ್ವಯಂಸೇವಕರು ಕನ್ನಡದ ಹಲವು ಫಾಂಟುಗಳನ್ನು ಕಾಪಾಡಿಕೊಂಡು ಬರಲು ಸಾಧ್ಯವಾದದ್ದು ಈ ಮೂರು ಸಾಲುಗಳಿಂದ ಎಂದರೆ ಅತಿಶಯೋಕ್ತಿಯಾಗದು.

ಡೆಬ್‌ಹೆಲ್ಪರ್‌ನ ಇನ್ನೊಂದು ಉಪಾಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಪ್ರತಿ ಪೊಟ್ಟಣವೂ ತಾನು ಒಪ್ಪಿಕೊಂಡ ‘ಹೊಂದಾಣಿಕೆಯ ಮಟ್ಟ’ವನ್ನು ಒಂದು ಅಂಕೆಯಲ್ಲಿ ಘೋಷಿಸುತ್ತದೆ. ಸಾಮಾನ್ಯ ಕ್ರಮದ ವರ್ತನೆ ಬದಲಾಗುವುದು ಹೊಸ ಮಟ್ಟದಲ್ಲಿ ಮಾತ್ರ. ಹಳೆಯ ಮಟ್ಟವನ್ನು ಹೇಳಿಕೊಂಡ ಪೊಟ್ಟಣಕ್ಕೆ ಹಳೆಯ ವರ್ತನೆಯೇ ಸಿಗುತ್ತದೆ. ತೀರ ಹಳೆಯ ಮಟ್ಟಗಳನ್ನು ವರ್ಷಗಳ ಮುನ್ಸೂಚನೆಯ ನಂತರ ಕೈಬಿಡಲಾಗುತ್ತದೆ. ಫೆಲ್ಡ್‌ಮನ್‌ನ ಟ್ಯಾಬ್ ಕೀಲಿಯ ಇಕ್ಕಟ್ಟಿಗೆ ಇದು ಸಮರ್ಪಕ ಉತ್ತರ. ಹಳೆಯ ಬಳಕೆದಾರರನ್ನು ಕೆಡಿಸದೆ ಹೊಸದನ್ನು ತಿದ್ದಬಹುದು. ಸಾಮಾನ್ಯ ಪೈಪ್‌ಲೈನುಗಳನ್ನು ಇತ್ತೀಚೆಗೆ ರೂಪಿಸಿದ ಅನೇಕರು ಈ ಹಳೆಯ ಜಾಣ್ಮೆಯನ್ನು ಗಮನಿಸದೆ, ಒಂದು ರಾತ್ರಿಯ ತಿದ್ದುಪಡಿಯಿಂದ ನೂರು ಯೋಜನೆಗಳನ್ನು ಕೆಡಿಸುವ ಪರಿಸ್ಥಿತಿಯನ್ನು ತಂದುಕೊಂಡಿದ್ದಾರೆ.

2018ರಲ್ಲಿ ಡೆಬಿಯನ್ ತನ್ನ ಭಂಡಾರಗಳನ್ನು ‘ಸಾಲ್ಸಾ’ ಎಂಬ ಗಿಟ್‌ಲ್ಯಾಬ್ ತಾಣಕ್ಕೆ ವರ್ಗಾಯಿಸಿದ ಮೇಲೆ ಹಂಚಿಕೆ ಮತ್ತೊಂದು ಹಂತಕ್ಕೆ ಏರಿತು. ಅಲ್ಲಿನ ತಂಡವೊಂದು ಎಲ್ಲ ಪೊಟ್ಟಣಗಳಿಗೂ ಒಗ್ಗುವ ಪೈಪ್‌ಲೈನನ್ನು ಬರೆದು ಕಾಯುತ್ತಿದೆ. ಪೊಟ್ಟಣದ ಭಂಡಾರದಲ್ಲಿ ಅದನ್ನು ಸೇರಿಸಿಕೊಳ್ಳುವ ಚಿಕ್ಕ ಕಡತವೊಂದಿದ್ದರೆ ಸಾಕು. ನಿರ್ಮಾಣ, ನಿಯಮಪಾಲನೆಯ ತಪಾಸಣೆ, ಸ್ಥಾಪಿಸಿ ಅಳಿಸುವ ಪರೀಕ್ಷೆ, ಎರಡು ಬಾರಿ ಕಟ್ಟಿದಾಗ ಒಂದೇ ಫಲ ದೊರೆಯುವುದೇ ಎಂಬ ಪರೀಕ್ಷೆ ಇವೆಲ್ಲ ತಾನಾಗಿ ನಡೆಯುತ್ತವೆ.

ಲೋಹಿತ್ ಬಳಗದ ಕಥೆ ಇದಕ್ಕೆ ಪೂರಕವಾದುದು. ರೆಡ್ ಹ್ಯಾಟ್ ಸಂಸ್ಥೆ 2004ರಲ್ಲಿ ಈ ಭಾರತೀಯ ಫಾಂಟುಗಳನ್ನು ಸಾರ್ವಜನಿಕ ಪರವಾನಗಿಯಡಿ ಹೊರತಂದಿತು. 2011ರಲ್ಲಿ ಅವು ಮುಕ್ತ ಫಾಂಟ್ ಪರವಾನಗಿಗೆ ಬದಲಾದವು. ಕನ್ನಡ, ತೆಲುಗು, ದೇವನಾಗರಿ ಮೊದಲಾದ ಲಿಪಿಗಳಿಗೆ ಒಂದೊಂದು ವಿಭಾಗವಿದ್ದು, ಫಾಂಟನ್ನು ಹುಟ್ಟಿಸುವ ಕಡತಗಳು ಒಂದೇ ಅಚ್ಚಿನವು. ಲಿಪಿಯ ಅಕ್ಷರರೂಪ ಮತ್ತು ಸಂಯೋಜನೆಯ ನಿಯಮಗಳಷ್ಟೇ ಬೇರೆ. ಗೂಗಲ್ ಪ್ರವರ್ತಿಸಿದ ‘ನೋಟೋ’ ಯೋಜನೆ ಇದನ್ನು ತುತ್ತತುದಿಗೆ ಒಯ್ದಿತು. 2020ರ ದಶಕದ ಆರಂಭದಲ್ಲಿ ನೋಟೋ ಫಾಂಟುಗಳನ್ನು ಲಿಪಿಗೊಂದು ಭಂಡಾರದಂತೆ ಮರುಜೋಡಿಸಲಾಯಿತು. ಕನ್ನಡಕ್ಕೂ ಒಂದು ಭಂಡಾರವಿದೆ. ಅದರಲ್ಲಿ ನೋಟೋ ಸ್ಯಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡಗಳ ಮೂಲಗಳಿವೆ, ಪ್ರತಿಯೊಂದಕ್ಕೂ ಚಿಕ್ಕ ಸಂರಚನಾ ಕಡತವಿದೆ. ಯಾವ ಮೂಲದಿಂದ ಕಟ್ಟಬೇಕು, ರೋಮನ್ ಅಕ್ಷರಗಳನ್ನು ಬಳಗದ ಬೇರಾವ ಫಾಂಟಿನಿಂದ ಎರವಲು ತರಬೇಕು ಎಂಬಷ್ಟು ವಿವರ ಅದರಲ್ಲಿದ್ದರೆ ಸಾಕು. ಉಳಿದುದನ್ನು ಎಲ್ಲ ಲಿಪಿಗಳಿಗೂ ಸಮಾನವಾದ ನಿರ್ಮಾಣ ಸಾಧನವು ನೋಡಿಕೊಳ್ಳುತ್ತದೆ. ಕೋಟ್ಯಂತರ ಜನ ಓದುವ ಲಿಪಿಗೂ, ಕೆಲವೇ ವಿದ್ವಾಂಸರು ಓದಬಲ್ಲ ಲಿಪಿಗೂ ಇಲ್ಲಿ ಒಂದೇ ಕ್ರಮ. ಅಲ್ಪಸಂಖ್ಯಾತ ಲಿಪಿಯೊಂದಕ್ಕೆ ಪ್ರತ್ಯೇಕ ನಿರ್ಮಾಣತಜ್ಞನನ್ನು ಯಾರೂ ನೇಮಿಸಲಾರರು. ಕ್ರಮ ಹಂಚಿಕೆಯಾದುದರಿಂದ ಆ ಅಗತ್ಯವೇ ಬೀಳಲಿಲ್ಲ. ಮುಂಬಯಿಯ ಏಕ್ ಟೈಪ್ ಸಂಸ್ಥೆ 2022ರಲ್ಲಿ ಹೊರತಂದ ಹತ್ತು ಲಿಪಿಗಳ ‘ಅನೇಕ್’ ಬಳಗದ ಅನೇಕ್ ಕನ್ನಡವೂ ಒಂಟಿಯಾಗಿ ಅಲ್ಲ, ಬಳಗದೊಡನೆಯೇ ಬೆಳೆದುದಾಗಿದೆ.

ಆದರೆ ಸಾಮಾನ್ಯ ಕ್ರಮವು ಯಾರ ಅಳತೆಗೆ ಹೊಲಿದದ್ದು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ. ‘ಸ್ತ್ರೀ’ಯಂತಹ ಸಂಯುಕ್ತದಲ್ಲಿ ಎರಡು ಒತ್ತುಗಳಿವೆ. ‘ರ್ಕ’ದಲ್ಲಿ ಮೊದಲು ಉಚ್ಚರಿಸುವ ರೇಫವನ್ನು ಅರ್ಕಾವತ್ತಾಗಿ ಕೊನೆಯಲ್ಲಿ ಬರೆಯುತ್ತೇವೆ. ರೋಮನ್ ಲಿಪಿಯ ಎತ್ತರ–ಆಳಗಳನ್ನೇ ಪ್ರಮಾಣವೆಂದು ತಿಳಿದ ಪರೀಕ್ಷೆ ಕನ್ನಡದ ಫಾಂಟನ್ನು ದೋಷಯುಕ್ತವೆಂದು ತಳ್ಳಬಹುದು, ಇಲ್ಲವೇ ಒತ್ತಕ್ಷರದ ಬಾಲ ಕತ್ತರಿಸಿದ ಫಾಂಟನ್ನು ಸರಿಯೆಂದು ಬಿಡಬಹುದು. ಅದಕ್ಕಾಗಿಯೇ ಲಿಪಿಗೆ ವಿಶಿಷ್ಟವಾದ ಅಳತೆಗಳನ್ನು ಮತ್ತು ಪರೀಕ್ಷಾ ಪದಗಳನ್ನು ಆಯಾ ಭಂಡಾರದಲ್ಲಿಯೇ ಇಡುವುದು ಅಗತ್ಯ. ಆ ಪದಗಳನ್ನು ಆರಿಸುವ ಕೆಲಸ ಕನ್ನಡ ಬಲ್ಲವರದು, ಯಾವ ಸಾಮಾನ್ಯ ಕ್ರಮವೂ ಅದನ್ನು ಮಾಡಿಕೊಡದು. ಸಂಯುಕ್ತಾಕ್ಷರಗಳ ಪರಿಚಯವುಳ್ಳ ವೈಯಾಕರಣರಿಗೆ ಇಲ್ಲಿ ಕೆಲಸವಿದೆಯೆಂಬುದನ್ನು ನಮ್ಮ ವಿಶ್ವವಿದ್ಯಾಲಯಗಳು ಇನ್ನೂ ಗುರುತಿಸಿದಂತೆ ತೋರುವುದಿಲ್ಲ.

ಮೇಲಿನ ಹರಿವು

ಎರವಲು ತಂದ ಸಂಕೇತದ ಮೂಲವನ್ನು ತಂತ್ರಜ್ಞರು ‘ಅಪ್‌ಸ್ಟ್ರೀಮ್’ ಎನ್ನುತ್ತಾರೆ. ಹೊಳೆಯ ಮೇಲಿನ ಹರಿವು ಎಂದು ಅದರ ಅರ್ಥ. ಘಟಪ್ರಭೆಯ ದಂಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಹಿಡಕಲ್ಲಿನಲ್ಲಿ ಬಿಟ್ಟ ನೀರು ಧೂಪದಾಳದ ಒಡ್ಡಿಗೆ ಬಂದು, ಅಲ್ಲಿಂದ ಕಾಲುವೆಗೆ ಹೊರಳಿ ಹೊಲಗಳನ್ನು ಸೇರುತ್ತದೆ. ಮೇಲೆ ಏನು ಬೆರೆತರೂ ಕೆಳಗಿನ ಎಲ್ಲ ಹೊಲಗಳಿಗೂ ಅದು ತಲುಪುತ್ತದೆ.

2024ರ ಮಾರ್ಚ್ 29ರಂದು ಬಯಲಾದ ‘ಎಕ್ಸ್‌ಜಡ್’ ಪ್ರಕರಣ ಇಂತಹುದು. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತದ್ವಾರವೊಂದನ್ನು ಅಡಗಿಸಲಾಗಿತ್ತು. ಅದನ್ನು ಒಳತರುವ ಸಂಕೇತ ಇದ್ದದ್ದು ತಂತ್ರಾಂಶದ ಮುಖ್ಯ ಭಾಗದಲ್ಲಿ ಅಲ್ಲ, ನಿರ್ಮಾಣಕ್ರಮದ ಒಂದು ಕಡತದಲ್ಲಿ. ಎಲ್ಲರ ಕಣ್ಣಿಗೆ ಬೀಳುವ ಭಂಡಾರದಲ್ಲಿ ಆ ಕಡತ ಇರಲಿಲ್ಲ, ಬಿಡುಗಡೆಯ ಪೊಟ್ಟಣದಲ್ಲಿ ಮಾತ್ರ ಇತ್ತು. ದೂರಗಣಕಕ್ಕೆ ಪ್ರವೇಶ ಪಡೆಯುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿದ್ದುದನ್ನು ಬೆನ್ನಟ್ಟಿ ಹೋದ ಆಂಡ್ರೆಸ್ ಫ್ರಾಯಿಂಡ್ ಇದನ್ನು ಪತ್ತೆಹಚ್ಚಿದನು. ಡೆಬಿಯನ್‌ನ ಪರೀಕ್ಷಾ ಶಾಖೆಗಳನ್ನು ಆ ಆವೃತ್ತಿಗಳು ಹೊಕ್ಕಿದ್ದವು. ಸ್ಥಿರ ಆವೃತ್ತಿ ಪಾರಾಗಿತ್ತು. ನಿರ್ಮಾಣಕ್ರಮವನ್ನು ಎಲ್ಲರೂ ಬಳಸುತ್ತಾರೆ, ಓದುವವರು ಬಹಳ ಕಡಿಮೆ. ಅಪರಾಧಿ ಆರಿಸಿಕೊಂಡದ್ದು ಈ ಜಾಗವನ್ನೇ.

ಮರುವರ್ಷ, 2025ರ ಮಾರ್ಚಿನಲ್ಲಿ, ಗಿಟ್‌ಹಬ್‌ನಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಮಿಕ್ಕಿದ ಭಂಡಾರಗಳು ಎರವಲು ಪಡೆದಿದ್ದ ಪೈಪ್‌ಲೈನ್ ತುಣುಕೊಂದು ದಾಳಿಗೆ ಗುರಿಯಾಯಿತು. ಬದಲಾದ ಕಡತಗಳ ಪಟ್ಟಿಯನ್ನು ಕೊಡುವುದಷ್ಟೇ ಅದರ ಕೆಲಸ. ದಾಳಿಕೋರರು ಅದರ ಹಳೆಯ ಆವೃತ್ತಿಗಳ ಗುರುತುಗಳನ್ನು ಕೂಡ ದುಷ್ಟ ಸಂಕೇತದ ಕಡೆಗೆ ಹೊರಳಿಸಿದರು. ಹೀಗಾಗಿ ಹೊಸದನ್ನು ತಂದುಕೊಳ್ಳದೆ ಹಳೆಯ ಆವೃತ್ತಿಯಲ್ಲಿಯೇ ಉಳಿದಿದ್ದೇವೆಂದು ನಂಬಿದವರೂ ಅಪಾಯಕ್ಕೆ ಸಿಲುಕಿದರು. ನಿರ್ಮಾಣದ ದಿನಚರಿಯಲ್ಲಿ ಗುಪ್ತಪದಗಳು ಬಯಲಾದವು. ಆವೃತ್ತಿಯ ಹೆಸರನ್ನು ನಂಬದೆ, ಸಂಕೇತದ ಪೂರ್ಣ ಬೆರಳಚ್ಚನ್ನೇ ನಮೂದಿಸಿದ್ದವರಿಗೆ ಈ ಆಪತ್ತು ತಟ್ಟುವ ಸಂಭವ ಕಡಿಮೆಯಿತ್ತು. ದಡ್ಡಿಯಲ್ಲಿ ಘಟಪ್ರಭೆಯ ಹರಿವನ್ನು ಅಳೆಯುವ ಕೇಂದ್ರ ಜಲ ಆಯೋಗದ ಮಾಪನ ನೆಲೆಯಿದೆ. ಜಲಾಶಯಕ್ಕೆ ಬರುವ ನೀರಿನ ಲೆಕ್ಕ ಮೇಲೆಯೇ ಸಿಗುತ್ತದೆ. ಎರವಲು ತರುವ ಪೈಪ್‌ಲೈನಿಗೂ ಇಂತಹ ಅಳತೆಗೋಲು ಬಳಸುವವನ ಕಡೆಯಿಂದಲೇ ಇರಬೇಕೆಂಬುದು ಆ ಘಟನೆಯ ನಂತರ ವ್ಯಾಪಕವಾಗಿ ಒಪ್ಪಿತವಾಗಿದೆ. ನಗರಾಡಳಿತದ ತಂತ್ರಾಂಶಗಳಿಗೆ ಇದು ಎರಡು ಪಟ್ಟು ಅನ್ವಯಿಸುತ್ತದೆ, ಅಲ್ಲಿ ಬಯಲಾಗುವುದು ನಾಗರಿಕರ ಮನೆ, ಆಸ್ತಿ, ದೂರುಗಳ ವಿವರ.

ಆಕರಗಳ ಸ್ಥಿತಿ

ಈ ಚರಿತ್ರೆಯ ಮುಖ್ಯ ಆಕರಗಳು ನಿರ್ಮಾಣ ಕಡತಗಳು ಮತ್ತು ಭಂಡಾರಗಳ ಬದಲಾವಣೆಯ ದಾಖಲೆ. ಯಾವ ದಿನ ಯಾರು ಯಾವ ಸಾಲನ್ನು ಏಕೆ ತಿದ್ದಿದರೆಂಬುದನ್ನು ಅವು ಹೇಳುತ್ತವೆ. ಕಡತಗಳ ಟಿಪ್ಪಣಿಗಳನ್ನು ಓದಿ ಬಲ್ಲ ಆಡಳಿತ ಚರಿತ್ರಕಾರನಿಗೆ ಇವು ಅಪರಿಚಿತವೆನಿಸಲಾರವು. ಆದರೆ ಇವುಗಳ ಬಾಳಿಕೆ ತಾಳೆಗರಿಯಷ್ಟೂ ಖಚಿತವಲ್ಲ. ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಲೋಹಿತ್ ಯೋಜನೆಗೆ ಆಶ್ರಯವಾಗಿದ್ದ ಫೆಡೋರಾ ಹೋಸ್ಟೆಡ್ 2017ರಲ್ಲಿಯೂ, ಡೆಬಿಯನ್‌ನ ಹಳೆಯ ಅಲಿಯೋತ್ 2018ರಲ್ಲಿಯೂ ನಿಂತವು. ಯಾರಾದರೂ ಮುತುವರ್ಜಿ ವಹಿಸಿ ಸಾಗಿಸಿದ ಭಂಡಾರಗಳು ಉಳಿದವು. ಉಳಿದೆಡೆ ಸಿದ್ಧ ಫಾಂಟು ದೊರೆತರೂ ಅದನ್ನು ಕಟ್ಟಿದ ಕ್ರಮ ದೊರೆಯುವುದಿಲ್ಲ. ಫ್ರಾನ್ಸಿನ ಇನ್ರಿಯಾ ಸಂಸ್ಥೆ 2016ರಲ್ಲಿ ಸಾರ್ವಜನಿಕಗೊಳಿಸಿದ ‘ಸಾಫ್ಟ್‌ವೇರ್ ಹೆರಿಟೇಜ್’ ಸಂಗ್ರಹ ತೆರೆದ ಮೂಲ ಸಂಕೇತವನ್ನು ಅದರ ಬದಲಾವಣೆಯ ದಾಖಲೆಯೊಂದಿಗೆ ಕಾಪಿಡುತ್ತಿದ್ದು, ಮುಚ್ಚಿದ ತಾಣಗಳ ಕೆಲವು ಭಂಡಾರಗಳೂ ಅದರಲ್ಲಿ ಸೇರಿವೆ. ತೆರೆಯದ ಸಂಕೇತ ಅಲ್ಲಿಗೆ ತಲುಪುವುದಿಲ್ಲ. ತಾಲ್ಲೂಕಿಗೊಂದು ಸರ್ವರ್ ಇದ್ದ ಕಾಲದಲ್ಲಿ ಹುಕ್ಕೇರಿ, ಗೋಕಾಕಗಳ ಕಚೇರಿಗಳಲ್ಲಿ ನಡೆದ ಭೂಮಿಯ ಹಳೆಯ ಆವೃತ್ತಿಗಳು ಈ ವರ್ಗಕ್ಕೆ ಸೇರುತ್ತವೆ. ಅವುಗಳ ಅಚ್ಚಾದ ಉತಾರಗಳು ರೈತರ ಪೆಟ್ಟಿಗೆಗಳಲ್ಲಿವೆ.